ಪಟ್ಟಿಯಲ್ಲಿಲ್ಲದ ಹೆಸರು

ಹಲೋ... ಹಾಂ, ಚಿಕ್ಕೋಡಿ ಆಫೀಸ್. ಯಾರ್ರಿ ಮಾತಾಡೋದು?

...

ವಖಾರದ ಕಂಪ್ಯೂಟರ್ ನೋಡಕೊಳ್ಳೂ ರಾಜಾರಾಮ ಸರ್ ಏನ್ರಿ? ನಾನ ಅಕ್ಕುತಾಯಿ. ಒದರಬ್ಯಾಡ್ರಿ, ಕಿವಿ ನೆಟ್ಟಗ ಅದಾವ. ನಿಪ್ಪಾಣಿ ತಂಬಾಕ ವಖಾರದಾಗ ಏನಾತು?

...

ನಾವು ಕೊಟ್ಟ ತೂಕದ ಮಷೀನ್ ಸೊನ್ನಿ ತೋರಸಾಕತ್ತೇತಿ. ಬೀಡಿ ಕಟ್ಟೂ ಹೆಣ್ಣಮಕ್ಕಳು ತಂಬಾಕಿಗೆ ಪಾಳಿ ಹಚ್ಚಿ ನಿಂತಾರ, ವಖಾರದ ಮಾಲಕ ಶೇಠಜಿ ಮಷೀನ್ ನೋಡಿ ನಗಾಕತ್ತಾರ. ತಪ್ಪು ಮಾತ್ರ ನಂದು. ಹೌದಲ್ರಿ?

...

ಬೈಯೂದು ಆಮ್ಯಾಲ ಬೈರಿ. ಮಷೀನ್ ಚಾಲೂ ಆಗೂಮುಂದ ಪರದೆ ಮ್ಯಾಲ ತಾಟಿನ ತೂಕ ಓದೂ ಡ್ರೈವರ್ ಪ್ರೋಗ್ರಾಮಿನ ಹೆಸರು ಬರಬೇಕು. ಬಂತೇನ್ರಿ?

...

ಬರಲಿಲ್ಲ. ಅಂದ್ರ ಮಷೀನ್ ನಡಸೂ ಮೂಲ ಪ್ರೋಗ್ರಾಮ್, ಆ ಕರ್ನೆಲ್, ನಾ ಕೊಟ್ಟಿದ್ದಲ್ಲ. ನೀವ ಹೊಸಾದು ಕಟ್ಟೀರಿ. ಯಾಕ ಕಟ್ಟಿದ್ರಿ?

...

ಶೇಠಜಿ ಹೇಳಿದ್ರಾ? ಏನಂತ?... ಇನ್ನೊಮ್ಮೆ ಹೇಳ್ರಿ.

...

ತಂಬಾಕ ತೂಗಿ ಕೊಡೂಮುಂದ ಐವತ್ತು ಗ್ರಾಮ್ ಹೆಚ್ಚಿಗಿ ತೋರಸಬೇಕು! ತಂಬಾಕಿಗೆ ನೀರ ಹೊಡದು ಭಾರ ಮಾಡಿದ್ದು ಸಾಲಲಿಲ್ಲೇನ್ರಿ ಅವರಿಗೆ? ಅದಕ್ಕ ನನ್ನ ಡ್ರೈವರ್ ತಿದ್ದಿ, ನಿಮ್ಮ ಹೆಸರ ಇಟ್ಟು, ನಂದನ್ನ ಅಳಿಸಿದ್ರಿ.

...

ತಿದ್ದಿದ ಫೈಲ್ ಒಯ್ದು ಅಲ್ಲಿಟ್ರ ಆತೇನ್ರಿ? ವಖಾರದ ಪಟ್ಟಿನಾಗ ಹೆಸರಿಲ್ಲದಾಕಿ ಬಾಗಿಲಾಗ ನಿಂತ್ರ ನಿಮ್ಮ ಶೇಠಜಿ ತಂಬಾಕ ಕೊಡ್ತಾರ? ಕರ್ನೆಲ್ಲೂ ಹಂಗ. ಅದನ್ನ ಕಟ್ಟೂಮುಂದ ಓದೂ ಪಟ್ಟಿನಾಗ ಹೊಸಾ ಡ್ರೈವರಿನ ಹೆಸರ ಬರೀಲಿಲ್ಲಂದ್ರ ಒಳಗ ಬಿಟ್ಟಗೊಳ್ಳೂದಿಲ್ಲ.

...

ಎಲ್ಲಿ ಬರೀಬೇಕು ಅಂತ ನಾ ಹೇಳೂದಿಲ್ಲ.

...

ಹೌದು, ಬೀಡಿ ಕಟ್ಟೂವಾಕಿ ಮಗಳ. ಸಣ್ಣಾಕಿದ್ದಾಗ ಅವ್ವನ ಸೆರಗ ಹಿಡದು ಅದೇ ಪಾಳಿನಾಗ ನಿಂತೀನಿ. ತೂಗೂವನ ಬೆರಳು ತಕ್ಕಡಿ ಮ್ಯಾಲ ಇರೂದು ಆಕಿಗೂ ಕಾಣತಿತ್ತು, ನನಗೂ ಕಾಣತಿತ್ತು. ಇಬ್ಬರೂ ನೆಲಾ ನೋಡತಿದ್ವಿ. ಆ ಬೆರಳನ್ನ ಈಗ ನಾನ ಬರದು ಕೊಡ್ಲೇನ್ರಿ?

...

ಅವ್ವನ ಕೆಲಸ ಬಿಡಸ್ತೀರಾ?... ಆಕಿ ಕಡಿಂದನ ಹೇಳಸ್ತೀರಾ ನನಗ? ಹೇಳಸ್ರಿ. ಸತ್ತೆವ್ವ ಅಂತ ಅವ್ವನ ಹೆಸರ ಹಿಡದು ಕೂಗ್ರಿ, ಪಾಳಿನಾಗ ಇದ್ದಾಳ.

...

ಅವ್ವಾ... ಹಾಂ, ನಾನ. ಕೆಲಸ ಹೋಗತೈತಿ, ಮಗಳಿಗೆ ಬುದ್ಧಿ ಹೇಳು ಅಂದ್ರಾ? ಅದೆಲ್ಲಾ ಬಿಡು. ಬೀಡಿ ಕಡಿಮಿ ಬಿದ್ದಾಗೆಲ್ಲಾ ‘ತಂಬಾಕ ಕದ್ದಿ’ ಅಂತ ಬೈಸಿಕೊಂಡಿ ಅಲ್ಲ? ಈಗ ಮಷೀನಿನಾಗ ಐವತ್ತು ಗ್ರಾಮ್ ಕದಿಯಾಕ ಹೊಂಟಾರ.

...

ಎಷ್ಟ ಬೀಡಿ ಆಗತಾವು ಅಷ್ಟರಾಗ?... ಹತ್ತತ್ರ ಇನ್ನೂರಾ? ಮೆಲ್ಲಕ ಮಾತಾಡವ್ವಾ, ಆ ರಾಜಾರಾಮ ಬಾಜೂಕ ನಿಂತಾನ... ಬ್ಯಾಡ, ಬ್ಯಾಡ, ಜೋರಾಗೇ ಹೇಳು. ಪಾಳಿನಾಗ ನಿನ್ನ ಹಿಂದ ನಿಂತ ಭೀಮಾಬಾಯಿಗೂ ಕೇಳಲಿ.

...

ಏನದು ಗದ್ದಲ?... ತಂಬಾಕ ಬ್ಯಾಡಂತ ಖಾಲಿ ಚೀಲ ಹಾಸಿ ಕುಂತ್ರಾ? ಎಲ್ಲಾರೂ?... ನೀ?

...

ನೀನೂ ಕುಂದರವ್ವಾ. ನೆಲಾ ನೋಡಬ್ಯಾಡ. ನನ್ನ ಖರೇ ಡ್ರೈವರ್ ಇರೂ ಫ್ಲಾಪಿ ತಗೊಂಡು ಮುಂದಿನ ಬಸ್ಸಿಗೆ ಬರ್ತೀನಿ, ಅಲ್ಲೀತನಕಾ ಯಾರೂ ತಂಬಾಕ... ಏ ಸರ್, ಫೋನ್ ಕಸೀಬ್ಯಾಡ್ರಿ! ಅವ್ವಾ?... ಹಲೋ... ಹಲೋ...