ಹಗೇವಿನ ಜ್ವಾಳ

...ಏಳಬ್ಯಾಡ ಶಿವದೇವಿ ಯಕ್ಕಾ, ಕೂಡು. ಚಾ ಗೀ ಏನೂ ಬ್ಯಾಡ, ಕಾಚಿಗೂಡದಾಗ ರೈಲು ಇಳಿದು ಕುಡದೇ ಬಂದೀನಿ. ಮೊದಲ ಈ ರೊಟ್ಟಿ ಮುರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ. ನಾನೂ ನಿನ್ನ ತಂಗಿ ಗುರುದೇವೀನೂ... ನಾವು ಮಾಡಿದ್ದು.

ಆಕಿ ಯಾಕ ಬರಲಿಲ್ಲಂತಿಯೇನು? ಕೆಲಸ ಯಕ್ಕಾ. ಭಾಳ ಕೆಲಸ. ಇಲ್ಲಿ ನಾವು ಮೂವರೂ ಎಂಟು ವರ್ಷ ಇಟ್ಟಂಗಿ ಹೊತ್ವಿ. ಗಾಜಿನ ಬಿಲ್ಡಿಂಗ್ ಎದ್ದು ನಿಂತ್ವು, ಕಂಪ್ಯೂಟರಿನವ್ರು ಒಳಗ ಕುಂತ್ರು, ನಮ್ಮನ್ನ ವಾಚ್‌ಮನ್ ಗೇಟಿನಾಗ ತಡದ. ಸಾಕು ನಡಿ, ಊರಾಗ ರೊಟ್ಟಿ ಬಡದು ಮಾರೂಣು ಅಂತ ಆಕೀನ್ನ ಕರಕೊಂಡು ಹೋದಾಕಿ ನಾನ, ಈ ಗದಿಗೆಮ್ಮ. ನೀ ಬ್ಯಾಡಂದಿದ್ದಿ. ನೆನಪೈತಿ... ಹಂಗ ನೋಡಬ್ಯಾಡ.

ರೊಟ್ಟಿ ಯಾಕ ಮೂಸಾಕತ್ತಿ? ಹೂಂ, ಹಗೇವಿನ ಜ್ವಾಳ. ನೆಲದಾಗ ಹೂತಿಟ್ಟ ಜ್ವಾಳದ ಮುಗ್ಗು ವಾಸನಿ ನಿನ್ನ ಮೂಗಿಗೆ ತಿಳೀದೇ ಇರ್ತದೇನು. ಇಲ್ಲಿಯ ಅಮೀರ್‌ಪೇಟ್ ಹಾಸ್ಟೆಲಿನವ್ರು ಸೋಮವಾರಕ್ಕ ಸಾವಿರ ರೊಟ್ಟಿ ಬೇಕಂದ್ರು. ಮನ್ಯಾಗ ಜ್ವಾಳ ತೀರಿತ್ತು. ನಮ್ಮ ಮಾವನ ಹಗೇವು, ಎರಡಾಳು ಆಳದ ಕುಣಿ, ನಾಕು ವರ್ಷದಿಂದ ಮುಚ್ಚೇ ಇತ್ತು. ಶುಕ್ರವಾರ ಮುಂಜಾನೆ ಬಾಯಿ ತೆಗದ್ವಿ.

ಇಳಿದಿದ್ದು? ಅದೂ... ಶುಕ್ರವಾರನ.

ಗೊತ್ತೈತಿ ಯಕ್ಕಾ. ಬಾಯಿ ತೆಗೆದು ಒಂದು ದಿನ ಗಾಳಿಗೆ ಬಿಡಬೇಕು. ಹಗ್ಗಕ್ಕ ದೀಪ ಕಟ್ಟಿ ಇಳಿಸಬೇಕು, ದೀಪ ಆರಿದ್ರ ಒಳಗ ವಿಷದ ಗಾಳಿ ಐತಂತ, ಮನಷಾ ಇಳೀಬಾರದು. ನಮ್ಮತ್ತಿ ನೂರು ಸಲ ಹೇಳಿದ್ಲು. ಆದ್ರ ಇಲ್ಲಿಯ ಮೇಸ್ತ್ರಿ ಎಂದಾದ್ರೂ ನಾಳೆ ಮಾಡು ಅಂದಿದ್ನೇನು? ಜಲ್ದಿ, ಜಲ್ದಿ... ಎಂಟು ವರ್ಷ ಅದನ್ನೇ ಕೇಳಿ ಕೇಳಿ, ಊರಿಗೆ ಹೋದ್ರೂ ಆ ಚಾಳಿ ನನ್ನ ಬಿಡಲಿಲ್ಲ.

ಗುರುದೇವಿಗೆ ಜ್ವರ. ಮಲಗ್ಯಾಳ. ಅದಕ್ಕ ಬರಲಿಲ್ಲ. ಮೊದಲ ಕೆಲಸ ಅಂದೆನೇನು? ಎರಡೂ ಯಕ್ಕಾ... ಎರಡೂ.

ಎಲ್ಲಿಗೆ ಎದ್ದಿ? ನಡು ಮಧ್ಯಾಹ್ನ ದೀಪ ಯಾಕ ಹಚ್ಚಾಕತ್ತಿ? ನನ್ನ ಮುಂದ ಇಡಬ್ಯಾಡ ಅದನ್ನ. ಬೈ. ಹೊಡಿ.

ನನ್ನ ಮೈ ಭಾರ, ಆಕಿ ಹಗುರ. ಸೊಂಟಕ್ಕ ಹಗ್ಗ ನಾನೇ ಬಿಗದೆ. ಎರಡು ಪುಟ್ಟಿ ಜ್ವಾಳ ಮ್ಯಾಲ ಬಂತು. ಮೂರನೇದಕ್ಕ ಕೂಗಿದೆ. ಮತ್ತ ಕೂಗಿದೆ. ಓ ಅನಲಿಲ್ಲ... ಹಗ್ಗ ಜಗ್ಗಿ ಮ್ಯಾಲ ತಂದಾಗ ಉಸಿರು ಇರಲಿಲ್ಲ. ಆಕಿ ತುಂಬಿ ಕೊಟ್ಟ ಜ್ವಾಳ ಯಕ್ಕಾ, ಚೆಲ್ಲಾಕ ಮನಸ್ಸು ಬರಲಿಲ್ಲ. ಅದರದ್ದೇ ಈ ರೊಟ್ಟಿ.

ಆ ದೀಪ ತೆಗಿ.

ಇಲ್ಲ. ದೀಪ ಇಳಿಸಲಿಲ್ಲ ಯಕ್ಕಾ. ಆಕೀನ್ನ ಇಳಿಸಿದೆ.