ಸೇತುವೆ ಕಾವಲಿನವರ ಹಾಜರಿ

ಎರಡನೇ ಮಹಾಯುದ್ಧ ಮುಗಿದು ಇಪ್ಪತ್ತು ವರ್ಷವಾಗಿತ್ತು. ಇಂಗ್ಲೆಂಡಿನ ನಾರ್ಫೋಕ್‌ನ ನಮ್ಮೂರ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಮುದುಕರಿಬ್ಬರು, ಗಾಟ್ಸ್ ಮತ್ತು ಥರ್ಟಲ್. ಗಾಟ್ಸ್ ಜೇಬಿನಿಂದ ಹಳೇ ಕಾಗದ ತೆಗೆದ.

"ತಗೋ, ನಮ್ಮ ಸೇತುವೆ ಕಾವಲು ದಳದ ಹಾಜರಿ ಪಟ್ಟಿ. ಈ ವರ್ಷ ಸೇತುವೆ ಹತ್ರ ಹೆಸರು ನೀನೇ ಕೂಗು. ಚಳೀಲಿ ಹೊರಗೆ ಹೋಗ್ಬೇಡಿ ಅಂತ ನಂಗೆ ಹೇಳಿದಾರೆ ಡಾಕ್ಟ್ರು."

"ಜರ್ಮನ್ನರಿಗೆ ಹೆದರದೋನು ಡಾಕ್ಟ್ರಿಗೆ ಹೆದರ್ತೀಯಾ?"

"ಜರ್ಮನ್ನರು ಬಂದಿದ್ರೆ ತಾನೇ ಹೆದರೋಕೆ! ಹದಿನಾಲ್ಕು ತಿಂಗಳು ಕಾದ್ವಿ, ಬಂದದ್ದು ಬರೀ ಹಸುಗಳು. ಆಮೇಲೆ ದಳಾನೇ ಮುಚ್ಚಿ ಮನೆಗೆ ಕಳಿಸಿದ್ರು."

"ಚರ್ಚಿನ ಯುದ್ಧಸ್ಮಾರಕದ ಕಲ್ಲಲ್ಲೂ ನಮ್ಮ ಹೆಸರಿಲ್ಲ."

"ಅದಕ್ಕೇ ಕಣೋ ವರ್ಷಕ್ಕೊಂದ್ಸಲ ಕೂಗೋದು. ಸತ್ತೋರ ಹೆಸರಿಗೆ 'ಪಹರೆಯಲ್ಲಿದ್ದಾನೆ' ಅನ್ನು."

"ಉಳಿದೋರು ನಾವಿಬ್ರೇ. ನೀನು ಬರದಿದ್ರೆ ನನ್ನ ಹೆಸರು ಯಾರು ಕೂಗ್ತಾರೆ? ತನ್ನ ಹೆಸರು ತಾನೇ ಕೂಗೋ ಹಾಗಿಲ್ಲ ಅಂತ ನಿಯಮ ಮಾಡಿದೋನು ನೀನೇ."

ಗಾಟ್ಸ್ ಪಟ್ಟಿಯನ್ನು ಮುಂದೆ ಹಿಡಿದೇ ಇದ್ದ. ಥರ್ಟಲ್ ಅದಕ್ಕೆ ಕೈ ಚಾಚಲಿಲ್ಲ.

ನರ್ಸ್ ಬಾಗಿಲು ತೆರೆದು ಕೂಗಿದಳು: "ಥರ್ಟಲ್!"

ಥರ್ಟಲ್ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತ. "ಹಾಜರ್!"

ನರ್ಸ್ ನಕ್ಕಳು. ಗಾಟ್ಸ್ ನಗಲಿಲ್ಲ. ಪೆನ್ಸಿಲ್ ತೆಗೆದು ಪಟ್ಟಿಯಲ್ಲಿ ಥರ್ಟಲ್ ಹೆಸರಿನ ಮುಂದೆ ಗುರುತು ಹಾಕಿದ, ಕಾಗದ ಮಡಚಿ ಗೆಳೆಯನ ಜೇಬಿಗಿಟ್ಟ. ಥರ್ಟಲ್ ಒಳಗೆ ಹೋದ.