ಎರಡು ಬೆಳ್ಳಿ ಕಾಲು

ಅಮೆರಿಕದ ಮಿಲ್ಪಿಟಾಸಿನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದ ಗುಲಾಬಿಯ ಕಿವಿಗೆ ಕನ್ನಡ ಬಿದ್ದದ್ದೇ ತಡ, ಕೈಯಲ್ಲಿದ್ದ ಫೋನು ಮಡಿಲಿಗಿಳಿಯಿತು. ಎದುರಿಗೆ ಮಂಡಿಗೆ ಬ್ರೇಸು ಬಿಗಿದ ಹುಡುಗಿ, ಪಕ್ಕದಲ್ಲಿ ಅವಳ ಅಜ್ಜಿ.

"ಡಾಕ್ಟ್ರು ಏನಂದ್ರವ್ವ?"

"ಈ ಸೀಸನ್ನು ಸ್ಕೀಯಿಂಗು ಮುಗೀತಂತೆ ಅಜ್ಜಿ."

"ಮುಂದಿನ್ ವರ್ಷ?"

"ಅಪ್ಪ ಬೇಡ್ವೇ ಬೇಡ ಅಂತಾರೆ."

"ನೀನೇನಂತೀಯ?"

ಹುಡುಗಿ ನಕ್ಕು ಬ್ರೇಸಿನ ಪಟ್ಟಿ ಬಿಗಿದುಕೊಂಡಳು. ಅಜ್ಜಿ ಚೀಲದಿಂದ ಹಳದಿ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಗುಲಾಬಿ ಕತ್ತು ಚಾಚಿ ನೋಡಿದಳು: ಬೆರಳುದ್ದದ ಎರಡು ಬೆಳ್ಳಿ ಕಾಲು.

"ನಿನ್ ಮಂಡಿ ವಾಸಿಯಾದ್ರೆ ದೇವ್ರಿಗೆ ಒಪ್ಪಿಸ್ತೀನಿ ಅಂತ ಹರಕೆ ಹೊತ್ತಿವ್ನಿ."

"ಪೆಟ್ಟಾಗಿರೋದು ಒಂದೇ ಕಾಲಿಗಲ್ವಾ ಅಜ್ಜಿ?"

"ನಿಸರ್ಗಾ" ಎಂದು ಒಳಗಿನಿಂದ ಕರೆ ಬಂತು. ಅಜ್ಜಿ ಗಂಟು ಕಟ್ಟಿ, ಮೊಮ್ಮಗಳ ತೋಳು ಹಿಡಿದು ಎಬ್ಬಿಸಿದರು.

"ಇನ್ನೊಂದು ಮುಂದಿನ್ ವರ್ಷಕ್ಕೆ. ನೀನು ಸುಮ್ನಿರೋಳಾ? ನಡಿ."